ಬೆಂಗಳೂರು–ಸ್ಯಾನ್ ಫ್ರಾನ್ಸಿಸ್ಕೊ: ದೂರ, ಹೊತ್ತು ಎರಡನ್ನೂ ಎಕ್ಸೆಲ್‌ನಲ್ಲೇ ತೆಗೆದ ಬಗೆ

ಎಕ್ಸೆಲ್ ಲೆಕ್ಕ ನಂಬಬೇಡ, ದುಡ್ಡು ಕೊಟ್ಟೇ ಅಂಕಿ ತರಿಸಬೇಕು ಅಂತ ಟ್ರಾವೆಲ್ ಕೆಲಸದ ಗೆಳೆಯರೆಲ್ಲ ಹೇಳಿದ್ದರು. ತಿಂಗಳಿಗೆ ಸಾವಿರದ ಚಿಲ್ಲರೆಯಂತೆ ಏಳೆಂಟು ತಿಂಗಳು ಕಟ್ಟಿದ್ದೂ ಆಯಿತು. ಈಗ ಆ ಖರ್ಚಿಲ್ಲ. ನನ್ನ ಶೀಟ್ ಕೊಡುವ ದೂರ ಸುಮಾರು 13,990 ಕಿ.ಮೀ.; 2021ರ ಜನವರಿಯಲ್ಲಿ ಏರ್ ಇಂಡಿಯಾ ಈ ನೇರ ಹಾರಾಟ ಶುರು ಮಾಡಿದಾಗ ಹೇಳಿದ್ದೂ ಹೆಚ್ಚುಕಡಿಮೆ ಅಷ್ಟೇ.

ಎರಡು ಊರುಗಳ ಅಕ್ಷಾಂಶ, ರೇಖಾಂಶದಿಂದ ಭೂಮಿಯ ಮೇಲಿನ ಅತಿ ಹತ್ತಿರದ ದೂರ ತೆಗೆಯುವ ಸೂತ್ರ ಗೊತ್ತಿರುವುದೇ, ಭೂಮಿಯ ತ್ರಿಜ್ಯ 6371 ಕಿ.ಮೀ. ಕೈಕೊಟ್ಟಿದ್ದು ಬೇರೆ ಕಡೆ. ಮೊದಲು ಡಿಗ್ರಿಯನ್ನು ರೇಡಿಯನ್‌ಗೆ (ಎಕ್ಸೆಲ್ ಕೋನಕ್ಕೆ ಬಳಸುವ ಅಳತೆ) ತಿರುಗಿಸದೆ ಹಾಕಿದೆ, ಏನೇನೋ ಬಂತು. ಅದು ಸರಿಹೋದ ಮೇಲೆ 5,175 ಕಿ.ಮೀ. ಅಂತ ತೋರಿಸಿತು. ಸ್ಯಾನ್ ಫ್ರಾನ್ಸಿಸ್ಕೊ ಪಶ್ಚಿಮ ರೇಖಾಂಶ, 122.4ರ ಎಡಕ್ಕೆ ಮೈನಸ್ ಬೇಕು. ಅದಿಲ್ಲದಿದ್ದರೆ ಗುರುತು ಚೀನಾದ ವೈಹೈ ಪಕ್ಕದ ಸಮುದ್ರದಲ್ಲಿ ಬೀಳುತ್ತದೆ. ಗೋಡೆಯ ನಕಾಶೆ ಮೇಲೆ ಸ್ಕೇಲಿಟ್ಟು ಎಳೆದ ಗೆರೆಯ ದಾರಿಯನ್ನೂ ಲೆಕ್ಕ ಹಾಕಿದೆ: 16,100. ಎರಡು ಸಾವಿರಕ್ಕೂ ಹೆಚ್ಚು ಸುತ್ತು! ನಂಬದವರಿಗೆ 30 ಸೆಂ.ಮೀ. ವ್ಯಾಸದ ಗ್ಲೋಬ್ ಮೇಲೆ ದಾರ ಬಿಗಿಹಿಡಿದು ತೋರಿಸಿದೆ. ದಾರ ಸೈಬೀರಿಯದ ತುದಿಯಲ್ಲಿ 71 ಡಿಗ್ರಿ ಉತ್ತರದವರೆಗೆ ಏರಿ ಇಳಿಯಿತು, ಉದ್ದ 33 ಸೆಂ.ಮೀ. ಸೆಂಟಿಮೀಟರಿಗೆ 425 ಕಿ.ಮೀ.ಯಂತೆ ಗುಣಿಸಿದರೆ ಅದೇ 14,000.

ಆದರೆ ವಿಮಾನ ಆ ದಾರದ ಗುಂಟ ಹೋಗುವುದಿಲ್ಲ. ಗೆರೆ ನೇಪಾಳದ ಪೊಖರಾ, ಅನ್ನಪೂರ್ಣ ಶಿಖರಗಳ ಹತ್ತಿರ ಹಾದು ಟಿಬೆಟ್ ಮೇಲೆ ಹೋಗುತ್ತದೆ. ಕ್ಯಾಬಿನ್‌ನಲ್ಲಿ ಗಾಳಿಯ ಒತ್ತಡ ತಪ್ಪಿದರೆ ಸುಮಾರು 10,000 ಅಡಿಗೆ ಇಳಿಯಬೇಕು. ಅಲ್ಲಿ ನೆಲವೇ ಅದಕ್ಕಿಂತ ಎತ್ತರ. ಅದಕ್ಕೇ ವಿಮಾನ ಸುತ್ತುಬಳಸಿ ಹೋಗುತ್ತದೆ. ನಾನು ದೂರಕ್ಕೆ ಶೇ. 3ರಿಂದ 5 ಸೇರಿಸಿಕೊಳ್ಳುತ್ತೇನೆ.

ಹೊತ್ತಿಗೆ ಮೊದಲು ಗಂಟೆಗೆ 900 ಕಿ.ಮೀ. ಅಂತ ದೂರವನ್ನು ಭಾಗಿಸುತ್ತಿದ್ದೆ, ಪ್ರತಿಸಲ ಕಮ್ಮಿ ಬರುತ್ತಿತ್ತು. ಏರುವುದು, ಇಳಿಯುವುದು, ನೆಲದ ಮೇಲೆ ಉರುಳುವುದು ಅದರೊಳಗೆ ಇಲ್ಲವಲ್ಲ. ಈಗ ಸುತ್ತುಬಳಸು ಸೇರಿಸದ ದೂರವನ್ನು 850ರಿಂದ ಭಾಗಿಸಿ ಅರ್ಧ ಗಂಟೆ ಕೂಡಿಸುತ್ತೇನೆ: ಹೆಚ್ಚುಕಡಿಮೆ 17 ಗಂಟೆ. ಸುತ್ತುಬಳಸು ಸೇರಿದ ದೂರ ಇಂಧನದ ಅಂದಾಜಿಗೆ ಮಾತ್ರ. ಮಹಿಳೆಯರೇ ನಡೆಸಿದ ಆ ಮೊದಲ ಹಾರಾಟವೂ ಬೆಂಗಳೂರಿಗೆ ಬರಲು ಸುಮಾರು 17 ಗಂಟೆ ತೆಗೆದುಕೊಂಡಿತ್ತು. ಜೆಟ್ ಗಾಳಿಗೆ (ತುಂಬ ಎತ್ತರದಲ್ಲಿ ಪಶ್ಚಿಮದಿಂದ ಪೂರ್ವಕ್ಕೆ ಬೀಸುವ ಜೋರು ಗಾಳಿ) ತಿಂಗಳವಾರು ತಿದ್ದುಪಡಿಯ ಕಾಲಂ ಒಂದಿದೆ, ಅದರ ಅಂಕಿಗಳನ್ನು ಮಾತ್ರ ಇಲ್ಲಿ ಬಿಟ್ಟುಕೊಡುವುದಿಲ್ಲ.

ದುಡ್ಡು ಹೋಗಿದ್ದು ಗಡಿಯಾರದಲ್ಲಿ. ಎರಡೂ ಊರಿನ ಗಡಿಯಾರಗಳ ನಡುವಿನ ಚಳಿಗಾಲದ 13 ಗಂಟೆ 30 ನಿಮಿಷದ ಅಂತರವನ್ನೇ ಏಪ್ರಿಲ್‌ಗೂ ಹಾಕಿಬಿಟ್ಟಿದ್ದೆ. ಮುಂದಿನ ವಿಮಾನ ತಪ್ಪಿ, ಹೊಸ ಟಿಕೆಟ್‌ಗೆ ಇಪ್ಪತ್ತು ಸಾವಿರದ ಹತ್ತಿರ ಕೈಯಿಂದ ಹೋಯಿತು. ಅಮೆರಿಕದಲ್ಲಿ ಮಾರ್ಚ್‌ನ ಎರಡನೇ ಭಾನುವಾರದಿಂದ ನವೆಂಬರ್‌ನ ಮೊದಲ ಭಾನುವಾರದವರೆಗೆ ಗಡಿಯಾರವನ್ನು ಒಂದು ಗಂಟೆ ಮುಂದಿಡುತ್ತಾರೆ, ಆಗ ಅಂತರ 12 ಗಂಟೆ 30 ನಿಮಿಷ. ಮಧ್ಯಾಹ್ನ 2ಕ್ಕೆ ಬೆಂಗಳೂರು ಬಿಟ್ಟರೆ ಜನವರಿಯಲ್ಲಿ ಅದೇ ದಿನ ಸಂಜೆ ಐದೂವರೆಗೆ ಅಲ್ಲಿ ಇಳಿಯುತ್ತೀರಿ, ಏಪ್ರಿಲ್‌ನಲ್ಲಿ ಆರೂವರೆಗೆ.