ಹಗುರವಾದ ಬೇಸ್ ಕ್ಯಾಬಿನೆಟ್ ಆರಿಸಿಕೊಳ್ಳುವ ಬಗೆ

ಬೇಸ್ ಗಿಟಾರ್ ನುಡಿಸುವವರು ಸ್ಪೀಕರ್ ಕ್ಯಾಬಿನೆಟ್, ಅಂದರೆ ಸ್ಪೀಕರ್ ಕೂರಿಸಿದ ಪೆಟ್ಟಿಗೆ, ಕೊಳ್ಳಲು ಹೊರಟಾಗ ಮೊದಲು ನೋಡುವುದು ವಾಟ್ ಸಂಖ್ಯೆಯನ್ನು, ಆಮೇಲೆ ಬೆಲೆಯನ್ನು. ತೂಕದ ಯೋಚನೆ ಬರುವುದು ಲಿಫ್ಟ್ ಇಲ್ಲದ ಸಭಾಂಗಣದ ಮೆಟ್ಟಿಲ ಬುಡದಲ್ಲಿ ನಿಂತಾಗ. ಆಂಪೆಗ್ ಕಂಪನಿಯ ಹೆಸರಾಂತ ಕ್ಯಾಬಿನೆಟ್‌ನಲ್ಲಿ ಹತ್ತು ಇಂಚಿನ ಎಂಟು ಸ್ಪೀಕರ್‌ಗಳಿದ್ದು, ಅದರ ತೂಕ 60 ಕಿಲೋ ದಾಟುತ್ತದೆ. ಇಂದು ಹನ್ನೆರಡು ಇಂಚಿನ ಒಂದೇ ಸ್ಪೀಕರ್ ಇರುವ ಒಳ್ಳೆಯ ಕ್ಯಾಬಿನೆಟ್ 11ರಿಂದ 15 ಕಿಲೋ ಒಳಗೆ ಸಿಗುತ್ತದೆ.

ಕೊಳ್ಳುವ ಮೊದಲು ನಿಮ್ಮ ಕ್ಯಾಬಿನೆಟ್ಟಿನ ಸದ್ದು ಯಾರಿಗೆ ಕೇಳಿಸಬೇಕು ಎಂಬುದನ್ನು ತೀರ್ಮಾನಿಸಿಕೊಳ್ಳಿ. ಗಣೇಶೋತ್ಸವದ ಆರ್ಕೆಸ್ಟ್ರಾದಂತೆ ದೊಡ್ಡ ಧ್ವನಿವರ್ಧಕ ವ್ಯವಸ್ಥೆ ಇರುವ ವೇದಿಕೆಯಲ್ಲಿ ಆಂಪ್‌ನಿಂದ (ಗಿಟಾರಿನ ಸದ್ದು ಹೆಚ್ಚಿಸುವ ಆಂಪ್ಲಿಫೈಯರ್) ನೇರವಾಗಿ ಮಿಕ್ಸರ್‌ಗೆ ಒಂದು ತಂತಿ ಹೋಗುತ್ತದೆಯಾದ್ದರಿಂದ, ಕ್ಯಾಬಿನೆಟ್ ನಿಮಗೂ ಡ್ರಮ್ಮರ್‌ಗೂ ಕೇಳಿಸಿದರೆ ಸಾಕು. ಅಲ್ಲಿಗೆ ಹತ್ತು ಇಂಚಿನ ಒಂದೇ ಸ್ಪೀಕರ್ ಕೂಡ ನಡೆಯುತ್ತದೆ. ಸಣ್ಣ ಹೋಟೆಲಿನಲ್ಲೋ ಮನೆಯ ಸಮಾರಂಭದಲ್ಲೋ ಇಡೀ ಕೋಣೆಗೆ ಬೇಸ್ ಕೇಳಿಸುವ ಹೊಣೆ ಕ್ಯಾಬಿನೆಟ್ಟಿನದೇ ಆಗಿದ್ದರೆ ಲೆಕ್ಕ ಬೇರೆ.

ತೂಕ ಕಡಿಮೆಯಾಗುವುದು ಮುಖ್ಯವಾಗಿ ಎರಡು ಕಡೆ. ಒಂದು ಸ್ಪೀಕರ್‌ನೊಳಗಿನ ಅಯಸ್ಕಾಂತದಲ್ಲಿ. ನಿಯೋಡೈಮಿಯಂ ಅಯಸ್ಕಾಂತದ ಶಕ್ತಿ ಹೆಚ್ಚಾದ್ದರಿಂದ, ಭಾರವಾದ ಫೆರೈಟ್ ಬಿಲ್ಲೆ ಮಾಡುವ ಕೆಲಸವನ್ನು ಅದರ ಚಿಕ್ಕ ತುಂಡೊಂದು ಮಾಡುತ್ತದೆ. ಬೆಲೆ ಏರುವುದೂ ಅದರಿಂದಲೇ. ಇನ್ನೊಂದು ಮರದ ವಿಷಯ. ಮರದ ನಾರನ್ನು ಒತ್ತಿ ಮಾಡಿದ ಎಂಡಿಎಫ್ ಹಲಗೆ ಭಾರವೂ ಹೌದು, ಮಳೆಗಾಲದ ತೇವಕ್ಕೆ ಉಬ್ಬುವುದೂ ಹೌದು. ತೆಳು ಪ್ಲೈವುಡ್‌ಗೆ ಒಳಗೆ ಅಡ್ಡಪಟ್ಟಿಗಳ ಆಸರೆ ಕೊಟ್ಟು ಕಟ್ಟಿದ್ದು ಹಗುರವಾಗಿದ್ದೂ ಗಟ್ಟಿಯಾಗಿರುತ್ತದೆ. ಪಕ್ಕದ ಹಲಗೆಯ ನಡುಭಾಗವನ್ನು ಬೆರಳಗೆಣ್ಣಿನಿಂದ ತಟ್ಟಿ ನೋಡಿ: ಚುಟುಕಾದ, ಬಿಗಿಯಾದ ಸದ್ದು ಬರಬೇಕು, ತಮಟೆಯಂತೆ ಝೇಂಕರಿಸಿದರೆ ಆಸರೆ ಸಾಲದು ಎಂದರ್ಥ.

ಗಾತ್ರವನ್ನು ಕುಗ್ಗಿಸಿದಾಗ ತೆರಬೇಕಾದ ಬೆಲೆಯೊಂದಿದೆ, ಜಾಹೀರಾತುಗಳು ಇದನ್ನು ಹೇಳುವುದಿಲ್ಲ. ಪೆಟ್ಟಿಗೆಯ ಗಾತ್ರ, ದಕ್ಷತೆ (ಕೊಟ್ಟ ವಾಟ್‌ಗೆ ಎಷ್ಟು ಸದ್ದು ಎಂಬುದು), ತಗ್ಗು ಸ್ವರದ ಆಳ ಈ ಮೂರರಲ್ಲಿ ಎರಡನ್ನು ಮಾತ್ರ ಮನಸಾರೆ ಪಡೆಯಬಹುದು. ಸ್ವರದ ಆಳ ಅಷ್ಟೇ ಇರಬೇಕು, ಪೆಟ್ಟಿಗೆ ಮಾತ್ರ ಅರ್ಧವಾಗಬೇಕು ಎಂದರೆ ದಕ್ಷತೆಯೂ ಅರ್ಧಕ್ಕಿಳಿಯುತ್ತದೆ, ಅಂದರೆ 3 ಡೆಸಿಬೆಲ್ ನಷ್ಟ. ಆದ್ದರಿಂದ ವಿವರಪಟ್ಟಿಯಲ್ಲಿ ವಾಟ್‌ಗಿಂತ ಮೊದಲು, 1 ವಾಟ್‌ಗೆ 1 ಮೀಟರ್ ದೂರದಲ್ಲಿ ಎಷ್ಟು ಡೆಸಿಬೆಲ್ ಎಂಬ ಸಂಖ್ಯೆಯನ್ನು ಓದಬೇಕು. 97 ಡೆಸಿಬೆಲ್‌ನ ಕ್ಯಾಬಿನೆಟ್ 250 ವಾಟ್‌ನಲ್ಲಿ ಕೊಡುವ ಸದ್ದಿಗೆ 94 ಡೆಸಿಬೆಲ್‌ನದಕ್ಕೆ 500 ವಾಟ್ ಬೇಕು. ಅದಲ್ಲದೆ, ಪೆಟ್ಟಿಗೆಯ ಹಿಂಬದಿಯಲ್ಲಿ ಅಚ್ಚಾದ ವಾಟ್ ಸಾಮಾನ್ಯವಾಗಿ ಸ್ಪೀಕರ್ ಎಷ್ಟು ಶಾಖ ತಡೆಯುತ್ತದೆ ಎಂಬುದರ ಲೆಕ್ಕ. ತಗ್ಗು ಸ್ವರದಲ್ಲಿ ಸ್ಪೀಕರ್‌ನ ಅದುರುವ ಭಾಗವಾದ ಕೋನ್ ಅದಕ್ಕಿಂತ ಬಹಳ ಮೊದಲೇ ತನ್ನ ಚಲನೆಯ ಮಿತಿ ಮುಟ್ಟಬಹುದು.

ಇದನ್ನು ಕಿವಿಯಿಂದಲೇ ಪರೀಕ್ಷಿಸಬೇಕು. ಅಂಗಡಿಗೆ ನಿಮ್ಮ ಗಿಟಾರನ್ನೇ ಒಯ್ಯಿರಿ, ಆಂಪ್‌ನ ಟೋನ್ ನಾಬ್‌ಗಳನ್ನೆಲ್ಲ ನಡುವೆ ನಿಲ್ಲಿಸಿ, ನಾಲ್ಕು ತಂತಿಯದಾದರೆ 41 ಹರ್ಟ್ಜ್‌ನ ಇ, ಐದು ತಂತಿಯದಾದರೆ 31 ಹರ್ಟ್ಜ್‌ನ ಬಿ ತಂತಿಯನ್ನು ಎಲ್ಲೂ ಒತ್ತಿ ಹಿಡಿಯದೆ ಮೀಟುತ್ತ, ಡ್ರಮ್ ಜೊತೆ ನುಡಿಸುವಷ್ಟು ಸದ್ದು ಏರಿಸಿ. ಚಿಕ್ಕ ಪೆಟ್ಟಿಗೆಯಲ್ಲಿ ಮೂಲಸ್ವರಕ್ಕಿಂತ ಅದರ ಮೇಲಿನ ಸಪ್ತಕವೇ ಹೆಚ್ಚು ಕೇಳಿಸುವುದು ಸಹಜ. ಸ್ವರ ಒಡೆದು ಬಿರಿಯುವುದು, ಗಾಳಿಕಿಂಡಿ ಭುಸುಗುಡುವುದು, ಜಾಲರಿ ಗಡಗಡಿಸುವುದು ಸಹಜವಲ್ಲ. ಅಂಗಡಿಯವರು ಸದ್ದು ಏರಿಸಲು ಬಿಡದಿದ್ದರೆ ಬೇರೆ ಅಂಗಡಿ ನೋಡಿ.

ಅನಂತರ ಅದನ್ನು ಒಂದೇ ಕೈಯಲ್ಲಿ ಎತ್ತಿಕೊಂಡು ಅಂಗಡಿಯ ಆಚೆ ತುದಿಯವರೆಗೆ ನಡೆಯಿರಿ. ಹಿಡಿಕೆ ಮೇಲ್ಭಾಗದಲ್ಲಿ, ಭಾರ ಸಮನಾಗುವ ಜಾಗದಲ್ಲಿದ್ದರೆ ಪೆಟ್ಟಿಗೆ ಕಾಲಿಗೆ ಬಡಿಯದು. ಎರಡೂ ಪಕ್ಕದಲ್ಲಿ ಹಿಡಿಕೆಯಿದ್ದರೆ ಎರಡೂ ಕೈ ಅದಕ್ಕೇ ಮೀಸಲು, ಗಿಟಾರ್ ಹೆಗಲಿಗೇ ಏರಬೇಕು. ಆಟೋದಲ್ಲಿ ಓಡಾಡುವವರು ಆಳವನ್ನೂ ಅಳೆಯಬೇಕು: ಸೀಟಿನ ಮುಂದೆ ಕಾಲಿಡುವ ಜಾಗದಲ್ಲಿ ಕೂರದ ಕ್ಯಾಬಿನೆಟ್ ಎಷ್ಟು ಹಗುರವಾಗಿದ್ದರೂ ನಿಮ್ಮ ತೊಡೆಯ ಮೇಲೆಯೇ ಪಯಣಿಸುತ್ತದೆ.

ನನ್ನ ಸಲಹೆಯೆಂದರೆ, ಈಗ 8 ಓಮ್‌ನ (ಸ್ಪೀಕರ್ ವಿದ್ಯುತ್ತಿಗೆ ಒಡ್ಡುವ ತಡೆಯ ಅಳತೆ) ಒಂದು ಹನ್ನೆರಡು ಇಂಚಿನದನ್ನು ಕೊಂಡು, ಮುಂದೆ ಬೇಕೆನಿಸಿದಾಗ ಅದೇ ಮಾದರಿಯ ಇನ್ನೊಂದನ್ನು ಸೇರಿಸುವುದು. ಎರಡೂ ಸೇರಿದರೆ 4 ಓಮ್ ಆಗುತ್ತದೆ. ಈಗಿನ ಹಗುರ ಆಂಪ್‌ಗಳಲ್ಲಿ ಹೆಚ್ಚಿನವು ಅಷ್ಟು ಕಡಿಮೆ ಓಮ್‌ವರೆಗೂ ತಾಳಿಕೊಳ್ಳುತ್ತವೆ, ಆದರೂ ಹಿಂಬದಿಯ ಬರಹ ಓದಿ ಖಚಿತಪಡಿಸಿಕೊಳ್ಳಿ. ಎರಡನ್ನು ಅಕ್ಕಪಕ್ಕ ಇಡದೆ ಒಂದರ ಮೇಲೊಂದು ಇಟ್ಟರೆ ಸದ್ದು ಸಭೆಯ ಎರಡು ಬದಿಗೂ ಸಮನಾಗಿ ಹರಡುತ್ತದೆ, ಮೇಲಿನದು ನಿಮ್ಮ ಕಿವಿಗೂ ಹತ್ತಿರವಾಗುತ್ತದೆ. ಜೋಡಿಸಲು ಸ್ಪೀಕರ್‌ಗೆಂದೇ ಮಾಡಿದ ದಪ್ಪ ತಂತಿ ಬೇಕು. ಗಿಟಾರನ್ನು ಆಂಪ್‌ಗೆ ಜೋಡಿಸುವ ತಂತಿಯನ್ನು ಅದರ ಬದಲಿಗೆ ಬಳಸಿದರೆ ತಂತಿ ಬಿಸಿಯಾಗಿ, ಆಂಪ್‌ಗೇ ಹಾನಿಯಾಗಬಹುದು.