ದೊಡ್ಡ ಪಂಪ್ ಬೇಕಿರಲಿಲ್ಲ, ದಪ್ಪ ಹೋಸ್ ಸಾಕಾಯಿತು

ಗ್ಯಾಸ್ ತುಂಬುವ ಮೊದಲು ಎಸಿ ಪೈಪಿನೊಳಗಿನ ಗಾಳಿ, ತೇವ ಎಳೆದು ತೆಗೆಯುವುದು ವ್ಯಾಕ್ಯೂಮ್ ಪಂಪ್. 4 ಸಿಎಫ್‌ಎಂ (ನಿಮಿಷಕ್ಕೆ ನಾಲ್ಕು ಘನ ಅಡಿ ಗಾಳಿ ಎಳೆಯುವ) ಪಂಪ್ ಹಾಕಿ ಕಾಲು ಗಂಟೆಯಲ್ಲಿ ಒಂದೂವರೆ ಟನ್ ಸ್ಪ್ಲಿಟ್ ಎಸಿಯನ್ನು 500 ಮೈಕ್ರಾನ್‌ಗಿಂತ (ಒಳಗೆ ಉಳಿದ ಒತ್ತಡದ ಅಳತೆ, ಕಡಿಮೆಯಾದಷ್ಟೂ ಒಳ್ಳೆಯದು) ಕೆಳಗೆ ಇಳಿಸುತ್ತೇನೆ ಅಂದಾಗ ಜೊತೆಯವರು ಒಪ್ಪಲಿಲ್ಲ. 8 ಸಿಎಫ್‌ಎಂ ಇಲ್ಲದೆ ಆಗೋದಿಲ್ಲ ಅನ್ನುವುದು ಅವರ ವಾದ. ಈಗ ಅವರ ಕೈಯಲ್ಲೂ ಅದೇ ಅಳತೆಯ ಪಂಪ್ ಇದೆ. ದೊಡ್ಡ ಪಂಪಿಗೆ ಹೆಚ್ಚಿಗೆ ಕೊಡಬೇಕಿದ್ದ ದುಡ್ಡಿನಲ್ಲಿ ಹೆಚ್ಚುಕಡಿಮೆ ಅರ್ಧ ಖರ್ಚಾಯಿತು, ಅಷ್ಟೇ. ಆ ಅರ್ಧ ಹೋಗಿದ್ದು ಹೋಸ್, ಎಸಿಯ ಸರ್ವಿಸ್ ಪೋರ್ಟಿನೊಳಗಿನ ಪಿನ್ (ಸಣ್ಣ ಸ್ಪ್ರಿಂಗ್ ವಾಲ್ವ್) ತೆಗೆಯುವ ಟೂಲ್ ಮತ್ತು ಆಯಿಲ್‌ಗೆ.

ತಡೆ ಇದ್ದದ್ದು ಪಂಪಿನಲ್ಲಲ್ಲ, ದಾರಿಯಲ್ಲಿ. ಕಾಲು ಇಂಚಿನ ಹೋಸ್, ಮ್ಯಾನಿಫೋಲ್ಡ್ (ಗೇಜ್, ವಾಲ್ವ್ ಇರುವ ಕಟ್ಟು), ಸರ್ವಿಸ್ ಪೋರ್ಟಿನ ಪಿನ್ ಮೂರೂ ಇದ್ದಾಗ ಮುಕ್ಕಾಲು ಗಂಟೆ ಓಡಿಸಿದರೂ ಗೇಜ್ 1,200ರ ಸುತ್ತಮುತ್ತಲೇ ನಿಲ್ಲುತ್ತಿತ್ತು. ಅದೇ ಪಂಪ್, ಅದೇ ಮೆಷಿನ್. ಪಿನ್ ತೆಗೆದು, ಮ್ಯಾನಿಫೋಲ್ಡ್ ಬಿಟ್ಟು, ಅರ್ಧ ಇಂಚಿನ ಗಿಡ್ಡ ಹೋಸ್ ನೇರವಾಗಿ ಹಾಕಿದಾಗ ಹನ್ನೆರಡು ಹದಿನೈದು ನಿಮಿಷಕ್ಕೆ 400ರ ಹತ್ತಿರ. ಹೋಸಿನ ಒಳವ್ಯಾಸ ಎರಡರಷ್ಟಾದರೆ ಗಾಳಿ ಹೋಗುವ ದಾರಿ ಶುರುವಿನಲ್ಲಿ 16 ಪಟ್ಟು ಸಲೀಸು, ವ್ಯಾಕ್ಯೂಮ್ ಆಳವಾದ ಮೇಲೂ 8 ಪಟ್ಟು. ಪಂಪಿನ ಸಿಎಫ್‌ಎಂ ಎರಡರಷ್ಟಾದರೆ ಹೆಚ್ಚೆಂದರೆ ಎರಡು ಪಟ್ಟು. ಅದೂ ಸಣ್ಣ ಹೋಸಿನಲ್ಲಿ ಪೂರ್ತಿ ಸಿಗುವುದಿಲ್ಲ. ಮೂರು ಅಡಿಯ ಹೋಸ್ ಸಾಕಾಗುವ ಕಡೆ ಐದಡಿ ಹಾಕಬಾರದು.

ಪಂಪ್ ಆರಿಸುವಾಗ ನಾನು ನೋಡುವುದು ಇಷ್ಟು: ಡಬಲ್ ಸ್ಟೇಜ್ (ಎರಡು ಹಂತದಲ್ಲಿ ಎಳೆಯುವುದು) ಆಗಿರಬೇಕು, ಗ್ಯಾಸ್ ಬ್ಯಾಲಸ್ಟ್ (ನೀರಾವಿ ಆಯಿಲ್ ಸೇರದಂತೆ ಸ್ವಲ್ಪ ಹೊರಗಾಳಿ ಬಿಡುವ ವಾಲ್ವ್) ಇರಬೇಕು, ಇನ್‌ಲೆಟ್‌ನಲ್ಲಿ 3/8 ಇಂಚಿನ ಪೋರ್ಟ್ ಆದರೂ ಇರಬೇಕು, ಆಯಿಲ್ ಗ್ಲಾಸ್ ದೊಡ್ಡದಿರಬೇಕು, ಡ್ರೈನ್ ಪ್ಲಗ್ ತೀರಾ ತಳದಲ್ಲಿರಬೇಕು. ಡ್ರೈನ್ ಸ್ವಲ್ಪ ಮೇಲಿದ್ದರೂ ಕೊಳಕು ನೀರು ಅಡಿಯಲ್ಲೇ ಉಳಿದುಬಿಡುತ್ತದೆ. ಆರ್32, ಆರ್290 ಗ್ಯಾಸಿನ ಎಸಿ ಕೆಲಸ ಇದ್ದರೆ ಸ್ಪಾರ್ಕ್ ಬಾರದ ಸ್ವಿಚ್ ಮತ್ತು ಬ್ರಷ್ ಇಲ್ಲದ ಮೋಟಾರ್ ಇರುವುದೇ ಬೇಕು. ಎಕ್ಸಾಸ್ಟಿನಿಂದ ಬರುವುದು ಉರಿಯುವ ಗ್ಯಾಸ್.

ಕೊಳ್ಳುವ ಮೊದಲು ಬ್ಲ್ಯಾಂಕ್ ಟೆಸ್ಟ್ ಮಾಡಿ. ಮೈಕ್ರಾನ್ ಗೇಜನ್ನು ಹೋಸ್ ಇಲ್ಲದೆ ಹಿತ್ತಾಳೆ ಫಿಟ್ಟಿಂಗ್‌ನಿಂದ ನೇರ ಪಂಪಿಗೆ ಕೂರಿಸಿ, ಬ್ಯಾಲಸ್ಟ್ ಮುಚ್ಚಿ ಓಡಿಸಿ. ಹೊಸ ಆಯಿಲ್ ಇದ್ದಾಗ ಐದು ನಿಮಿಷದೊಳಗೆ 50 ಮೈಕ್ರಾನ್‌ಗಿಂತ ಕೆಳಗೆ ಬರಬೇಕು. ಬರದಿದ್ದರೆ ಮೊದಲು ಆಯಿಲ್, ಆಮೇಲೆ ಇನ್‌ಲೆಟ್ ಓ-ರಿಂಗ್, ಆಮೇಲೆ ಶಾಫ್ಟ್ ಸೀಲ್, ಕೊನೆಗೆ ವೇನ್ (ಒಳಗೆ ತಿರುಗುವ ರೆಕ್ಕೆ). ಈ ಕ್ರಮದಲ್ಲಿ ಹುಡುಕಿದರೆ ಬಹುಪಾಲು ಪಂಪ್ ಬಿಚ್ಚದೆಯೇ ಸರಿಹೋಗುತ್ತವೆ. ಓ-ರಿಂಗಿಗೆ ನಾನು ಏನು ಸವರುತ್ತೇನೆ ಅನ್ನುವುದು ನನ್ನಲ್ಲೇ ಇರಲಿ. ಪಂಪ್ ಆಯಿಲ್ ಸವರಿದರೂ ಕೆಲಸ ನಡೆಯುತ್ತದೆ.

ಪಂಪ್ ಸಾಯುವುದು ಆಯಿಲ್‌ನಿಂದ. ಹಾಲಿನ ಹಾಗೆ ಬೆಳ್ಳಗಾದರೆ ನೀರು ಸೇರಿದೆ, ಕಪ್ಪಾಗಿ ಸುಟ್ಟ ವಾಸನೆ ಬಂದರೆ ಆಸಿಡ್. ಕಂಪ್ರೆಸರ್ ಸುಟ್ಟ ಮೆಷಿನ್ನಿನ ವ್ಯಾಕ್ಯೂಮ್ ಎಳೆದ ದಿನ ಆ ಆಯಿಲನ್ನು ರಾತ್ರಿಯಿಡೀ ಬಿಟ್ಟರೆ ಒಳಗಿನ ಕಬ್ಬಿಣಕ್ಕೆ ತುಕ್ಕು ಹಿಡಿಯುತ್ತದೆ. ಬದಲಾಯಿಸುವುದು ಯಾವಾಗಲೂ ಬಿಸಿ ಇದ್ದಾಗ: ಹದಿನೈದು ನಿಮಿಷ ಓಡಿಸಿ, ನಿಲ್ಲಿಸಿ, ಪಂಪನ್ನು ಡ್ರೈನ್ ಕಡೆಗೆ ವಾಲಿಸಿ ಖಾಲಿ ಮಾಡಿ. ಆಮೇಲೆ ಇನ್‌ಲೆಟ್ ಬಿಚ್ಚಿಟ್ಟು ಐದಾರು ಸೆಕೆಂಡ್ ಓಡಿಸಿದರೆ ಕಾರ್ಟ್ರಿಜ್‌ನಲ್ಲಿ (ಗಾಳಿ ಎಳೆಯುವ ಒಳಭಾಗ) ಕೂತ ಆಯಿಲ್ ಹೊರಗೆ ಬೀಳುತ್ತದೆ. ಬಹಳ ಜನ ಇದನ್ನು ಬಿಡುತ್ತಾರೆ, ಆದ್ದರಿಂದಲೇ ಹೊಸ ಆಯಿಲ್ ಒಂದೇ ಕೆಲಸಕ್ಕೆ ಮಂಕಾಗುತ್ತದೆ. ಸಣ್ಣ ಪಂಪಿಗೆ ಸುಮಾರು 250ರಿಂದ 350 ಮಿಲಿ ಹಿಡಿಸುತ್ತದೆ. ಕಂಪ್ರೆಸರ್ ಆಯಿಲ್, ಎಂಜಿನ್ ಆಯಿಲ್ ಹಾಕಿ ಉಳಿಸುವ ದುಡ್ಡು ಉಳಿತಾಯವಲ್ಲ. ಅವುಗಳ ಆವಿಯೇ ಗೇಜನ್ನು ಮೇಲೆ ಹಿಡಿದಿಡುತ್ತದೆ. ಒಂದು ಕಾರ್ಟ್ರಿಜ್ ಬೆಲೆಗೆ ಎಷ್ಟೋ ತಿಂಗಳ ಆಯಿಲ್ ಬರುತ್ತದೆ.

ಬ್ಯಾಲಸ್ಟ್ ಬಗ್ಗೆ ಬೇರೆಯಾಗಿ ಪರೀಕ್ಷೆ ಮಾಡಿದ್ದೇನೆ. ಒದ್ದೆ ಸಿಸ್ಟಂ ಎಳೆಯುವಾಗ 2,000-3,000 ಮೈಕ್ರಾನ್ ತನಕ ಅದನ್ನು ತೆರೆದಿಟ್ಟು ಆಮೇಲೆ ಮುಚ್ಚಿದರೆ ಆಯಿಲ್ ತಿಳಿಯಾಗಿಯೇ ಉಳಿಯುತ್ತದೆ. ಮುಚ್ಚಿಯೇ ಎಳೆದರೆ ಗ್ಲಾಸಿನಲ್ಲಿ ಮೊದಲು ಸಣ್ಣ ಮೋಡ ಕಾಣುತ್ತದೆ, ಆಮೇಲೆ ಪೂರ್ತಿ ಬೆಳ್ಳಗೆ. ಇನ್ನೊಂದು: ಗುಜರಿ ಕಾಯಿಲ್‌ಗೆ ಒಂದು ಚಮಚ ನೀರು ಬಿಟ್ಟು ಎಳೆದಾಗ ಗೇಜ್ 4,500ರ ಆಸುಪಾಸಿನಲ್ಲಿ ನಿಂತುಬಿಟ್ಟಿತು. ಅದು ನೀರು ಹೆಪ್ಪುಗಟ್ಟುವ ಒತ್ತಡ. ನೀರು ನಿಂತ ಪೈಪಿನ ಬೆಂಡನ್ನು ಮುಟ್ಟಿದರೆ ಹೊರಗಿನಿಂದಲೇ ತಣ್ಣಗೆ. ಅಂಥ ಕಡೆ ಪಂಪ್ ಓಡಿಸುತ್ತಲೇ ಇದ್ದರೆ ಸಮಯ ಹಾಳು. ನೈಟ್ರೋಜನ್ ಬಿಟ್ಟು ವ್ಯಾಕ್ಯೂಮ್ ಮುರಿದು, ಬಿಸಿಗಾಳಿ ಗನ್ ದೂರದಿಂದ ಹಿಡಿದು, ಮತ್ತೆ ಎಳೆಯಬೇಕು. ಆ ಎರಡನೆಯ ಎಳೆತದಲ್ಲಿ ನಾನು ಅನುಸರಿಸುವ ಹೊತ್ತಿನ ಲೆಕ್ಕವೊಂದಿದೆ, ಅದನ್ನು ಇಲ್ಲಿ ಬರೆಯುವುದಿಲ್ಲ.

ಗೇಜ್ ಪಂಪಿನ ಬಳಿ ಇದ್ದರೆ ಸುಳ್ಳು ಹೇಳುತ್ತದೆ. ಅದು ಪಿನ್ ಟೂಲಿನ ಬಾಲ್ ವಾಲ್ವಿನಿಂದ ಆಚೆ, ಸಿಸ್ಟಂ ಕಡೆ ಇರಬೇಕು, ಸೆನ್ಸರಿಗೆ ಆಯಿಲ್ ಇಳಿಯದಂತೆ ನೆಟ್ಟಗೆ ನಿಂತಿರಬೇಕು. 400ಕ್ಕೆ ಬಂದ ಮೇಲೆ ವಾಲ್ವ್ ಮುಚ್ಚಿ ಹದಿನೈದು ನಿಮಿಷ ಬಿಡಿ. ಸ್ವಲ್ಪ ಏರಿ 500ರೊಳಗೆ ನಿಂತರೆ ಚಾರ್ಜ್ ಮಾಡಬಹುದು. ಏರಿ 1,500-2,000ದಲ್ಲಿ ನಿಂತರೆ ತೇವ. ನಿಲ್ಲದೆ ಏರುತ್ತಲೇ ಹೋದರೆ ಲೀಕ್. ಆದರೆ ಮೊದಲು ನಿಮ್ಮ ಫಿಟ್ಟಿಂಗನ್ನೇ ಅನುಮಾನಿಸಿ, ಎಸಿ ಪೈಪಿನ ಫ್ಲೇರ್ ನಟ್ ಆಮೇಲೆ.

ನಿಲ್ಲಿಸುವ ಕ್ರಮ ತಪ್ಪಿದರೆ ಪಂಪಿನ ಆಯಿಲ್ ಹೋಸ್ ಮೂಲಕ ಸಿಸ್ಟಂಗೆ ಹೋಗುತ್ತದೆ. ಮೊದಲು ವಾಲ್ವ್, ಆಮೇಲೆ ಸ್ವಿಚ್. ವ್ಯಾಕ್ಯೂಮ್‌ನಲ್ಲಿರುವ ಕಂಪ್ರೆಸರನ್ನು ಒಂದು ಸೆಕೆಂಡೂ ಓಡಿಸಬೇಡಿ, ವೈಂಡಿಂಗ್‌ನಲ್ಲಿ ಕಿಡಿ ಹಾರಿ ಸುಟ್ಟುಹೋಗುತ್ತದೆ. ಚಳಿಯಲ್ಲಿ ಪಂಪ್ ಎದ್ದೇಳದಿದ್ದರೆ ಇನ್‌ಲೆಟ್ ಕ್ಯಾಪ್ ಬಿಚ್ಚಿ ಅರ್ಧ ನಿಮಿಷ ಓಡಿಸಿ. ಉದ್ದದ ಸಣ್ಣ ವೈರಿನ ಎಕ್ಸ್‌ಟೆನ್ಶನ್ ಹಾಕಿದ್ದರೆ ಅದನ್ನೂ ತೆಗೆಯಿರಿ, ಓಲ್ಟೇಜ್ ಬೀಳುವುದು ಅಲ್ಲೇ. ಕೆಲಸ ಮುಗಿದ ಮೇಲೆ ಇನ್‌ಲೆಟ್, ಎಕ್ಸಾಸ್ಟ್ ಎರಡಕ್ಕೂ ಕ್ಯಾಪ್ ಹಾಕಿ ನಿಲ್ಲಿಸಿಯೇ ಇಡಿ. ಮಲಗಿಸಿ ಸಾಗಿಸಿದ ಪಂಪಿನಲ್ಲಿ ಆಯಿಲ್ ಲೆವೆಲ್ ನೋಡದೆ ಸ್ವಿಚ್ ಒತ್ತಬೇಡಿ.