ಜಿಡಿಪಿ, ಹಣದುಬ್ಬರ, ರೆಪೊ ದರ: ಲೆಕ್ಕ ಮಾಡುತ್ತಾ ಸಮಗ್ರ ಅರ್ಥಶಾಸ್ತ್ರ ಕಲಿಯುವ ಕ್ರಮ

ಮೈಸೂರು, ಮಂಡ್ಯದ ಕಾಲೇಜುಗಳಲ್ಲಿ ಬಿ.ಕಾಂ. ಅಥವಾ ಬಿಬಿಎ ಓದುವ ವಿದ್ಯಾರ್ಥಿಗಳಲ್ಲಿ ಬಹಳಷ್ಟು ಮಂದಿ ಸಮಗ್ರ ಅರ್ಥಶಾಸ್ತ್ರವನ್ನು ವ್ಯಾಖ್ಯೆಗಳ ವಿಷಯವೆಂದು ತಿಳಿದು ಬಾಯಿಪಾಠ ಮಾಡುತ್ತಾರೆ. ಲೆಕ್ಕಶಾಸ್ತ್ರದಲ್ಲಿ ಆಸ್ತಿ-ಹೊಣೆ ಪಟ್ಟಿಯನ್ನು ಸರಾಗವಾಗಿ ಹೊಂದಿಸುವವರೂ ಜಿಡಿಪಿ (ಒಂದು ಅವಧಿಯಲ್ಲಿ ದೇಶದೊಳಗೆ ಉತ್ಪಾದನೆಯಾದ ಅಂತಿಮ ಸರಕು-ಸೇವೆಗಳ ಒಟ್ಟು ಮೌಲ್ಯ) ಎಂದೊಡನೆ ಪೆನ್ನು ಕೆಳಗಿಟ್ಟು ಟಿಪ್ಪಣಿ ಹುಡುಕುತ್ತಾರೆ. ಆದರೆ ಈ ವಿಷಯವೂ ಲೆಕ್ಕವೇ. ಒಂದು ಅಂಗಡಿಯ ಬದಲು ಇಡೀ ದೇಶದ ಲೆಕ್ಕ. ಪ್ರತಿ ಪರಿಕಲ್ಪನೆಯನ್ನೂ ಒಂದು ಸಣ್ಣ ಲೆಕ್ಕದ ಮೂಲಕ ಹಾದುಹೋದವರಿಗೆ ವ್ಯಾಖ್ಯೆ ತಾನಾಗಿ ನೆನಪಿನಲ್ಲಿ ಉಳಿಯುತ್ತದೆ. ಹಾಗೆ ಹಾದುಹೋಗುವ ಕ್ರಮವನ್ನು ಇಲ್ಲಿ ವಿವರಿಸಲಾಗಿದೆ.

ಯಾವುದೇ ಅಂಕಿ ಎದುರಾದಾಗ ಮೊದಲು ಕೇಳಬೇಕಾದ ಪ್ರಶ್ನೆ, ಅದು ಸಂಗ್ರಹವೋ ಹರಿವೋ ಎಂಬುದು. ನಮ್ಮ ಭಾಗದ ದಿನಪತ್ರಿಕೆಗಳನ್ನು ಓದುವವರಿಗೆ ಇದರ ಅಭ್ಯಾಸ ಈಗಾಗಲೇ ಇದೆ. ಕೆಆರ್‌ಎಸ್ ಜಲಾಶಯದ ಗರಿಷ್ಠ ಮಟ್ಟ 124.80 ಅಡಿ, ಇಂದಿನ ಮಟ್ಟ ಇಷ್ಟು, ಸಂಗ್ರಹ ಇಷ್ಟು ಟಿಎಂಸಿ ಎಂಬುದು ಒಂದು ಹೊತ್ತಿನಲ್ಲಿ ಅಳೆದ ಸಂಗ್ರಹ. ಒಳಹರಿವು, ಹೊರಹರಿವು ಇಷ್ಟು ಕ್ಯುಸೆಕ್ ಎಂಬುದು ಕಾಲದೊಡನೆ ಕಟ್ಟಿಕೊಂಡ ಹರಿವು. 11,574 ಕ್ಯುಸೆಕ್ ನೀರು ಒಂದು ದಿನ ಪೂರ್ತಿ ಹರಿದು ಬಂದರೆ ಒಂದು ಟಿಎಂಸಿ ಸೇರುತ್ತದೆ. ಕಾಲವನ್ನು ಹೇಳದೆ ಹರಿವಿನಿಂದ ಸಂಗ್ರಹವನ್ನು ಲೆಕ್ಕ ಹಾಕಲಾಗದು. ಇದೇ ರೀತಿ ಜಿಡಿಪಿ ಹರಿವು, ದೇಶದ ಬಂಡವಾಳ ಸಂಗ್ರಹ. ಈ ವರ್ಷದ ವಿತ್ತೀಯ ಕೊರತೆ (ಸಾಲ ಬಿಟ್ಟು ಉಳಿದ ವರಮಾನಕ್ಕಿಂತ ಸರ್ಕಾರ ಹೆಚ್ಚು ಮಾಡಿದ ವೆಚ್ಚ) ಹರಿವು, ಸರ್ಕಾರದ ಒಟ್ಟು ಸಾಲ ಸಂಗ್ರಹ. ಕೊರತೆ ಕಡಿಮೆಯಾಯಿತು ಎಂಬ ಸುದ್ದಿಯನ್ನು ಸಾಲ ಕಡಿಮೆಯಾಯಿತು ಎಂದು ಓದಿಕೊಳ್ಳುವವರು, ಒಳಹರಿವು ತಗ್ಗಿದ ದಿನವೇ ಜಲಾಶಯದ ಮಟ್ಟವೂ ಇಳಿಯಿತು ಎಂದು ತೀರ್ಮಾನಿಸಿದಂತೆ.

ಎರಡನೆಯದು ಮೌಲ್ಯವರ್ಧನೆಯ ಲೆಕ್ಕ. ಇದಕ್ಕೆ ಹೆಚ್ಚು ಸಮಯ ಕೊಡಬೇಕು, ಏಕೆಂದರೆ ರಾಷ್ಟ್ರೀಯ ವರಮಾನದ ಅಧ್ಯಾಯವೆಲ್ಲ ನಿಂತಿರುವುದು ಇದರ ಮೇಲೆ. ಅಭ್ಯಾಸಕ್ಕಾಗಿ ಮಂಡ್ಯದ ಒಂದು ಆಲೆಮನೆಯನ್ನು ಊಹಿಸಿಕೊಂಡು, ಸುಲಭದ ಅಂಕಿಗಳನ್ನು ಇಟ್ಟುಕೊಳ್ಳೋಣ. ರೈತ ಹತ್ತು ಟನ್ ಕಬ್ಬನ್ನು ₹30,000ಕ್ಕೆ ಆಲೆಮನೆಗೆ ಮಾರುತ್ತಾನೆ. ಅಲ್ಲಿ ತಯಾರಾದ ಒಂದು ಟನ್ ಬೆಲ್ಲ ₹40,000ಕ್ಕೆ ಸಗಟು ವ್ಯಾಪಾರಿಗೆ ಹೋಗುತ್ತದೆ. ಅವನು ಅದನ್ನು ₹44,000ಕ್ಕೆ ಮೈಸೂರಿನ ಅಂಗಡಿಗೆ ಕೊಡುತ್ತಾನೆ, ಅಂಗಡಿಯಿಂದ ಮನೆಗಳಿಗೆ ಹೋಗುವಾಗ ಅದರ ಒಟ್ಟು ಬೆಲೆ ₹50,000. ಎಲ್ಲ ಮಾರಾಟಗಳನ್ನೂ ಕೂಡಿದರೆ ₹1,64,000 ಬರುತ್ತದೆ. ಇದು ತಪ್ಪು ಉತ್ತರ, ಏಕೆಂದರೆ ಇದರಲ್ಲಿ ಕಬ್ಬಿನ ಬೆಲೆ ನಾಲ್ಕು ಬಾರಿ ಸೇರಿದೆ. ಪ್ರತಿಯೊಬ್ಬರೂ ಸೇರಿಸಿದ್ದನ್ನು ಮಾತ್ರ ಹಿಡಿದರೆ 30,000, 10,000, 4,000 ಮತ್ತು 6,000, ಒಟ್ಟು ₹50,000. ಅಂತಿಮ ಬೆಲೆಯೂ ಅಷ್ಟೇ.

ಇಷ್ಟಕ್ಕೇ ನಿಲ್ಲಿಸದೆ ಅದೇ ಉದಾಹರಣೆಯನ್ನು ಇನ್ನಷ್ಟು ಹಿಂಡಬೇಕು. ರೈತ ₹6,000ದ ಗೊಬ್ಬರ ಕೊಂಡಿದ್ದರೆ ಅವನ ಮೌಲ್ಯವರ್ಧನೆ ₹24,000ಕ್ಕೆ ಇಳಿಯುತ್ತದೆ. ಉಳಿದ 6,000 ಗೊಬ್ಬರ ತಯಾರಿಸಿ ಮಾರಿದವರ ಪಾಲಿಗೆ ಸೇರುತ್ತದೆ. ಒಟ್ಟು ಮೊತ್ತ ಬದಲಾಗುವುದಿಲ್ಲ. ಆಲೆಮನೆಯ ₹10,000 ಮೌಲ್ಯವರ್ಧನೆಯನ್ನು ಕೂಲಿ, ಬಾಡಿಗೆ, ಬಡ್ಡಿ, ಲಾಭ ಎಂದು ಒಡೆದು ಬರೆದರೆ, ವರಮಾನಗಳನ್ನು ಕೂಡಿ ಜಿಡಿಪಿ ಲೆಕ್ಕ ಹಾಕುವ ವರಮಾನ ವಿಧಾನ ಕೈಗೆ ಬರುತ್ತದೆ. ಬೆಲ್ಲವು ಮನೆಗೆ ಹೋಗದೆ ಸಿಹಿತಿಂಡಿ ತಯಾರಕರಿಗೆ ಹೋದರೆ ಅದು ಮಧ್ಯಂತರ ಸರಕು, ಅಂದರೆ ಮತ್ತೊಂದು ಸರಕಿನ ತಯಾರಿಕೆಗೆ ಬಳಕೆಯಾಗುವ ಸರಕು. ಮಾರ್ಚ್ 31ರಂದು ಅದು ಗೋದಾಮಿನಲ್ಲೇ ಉಳಿದಿದ್ದರೆ ದಾಸ್ತಾನಿನ ಹೆಚ್ಚಳವೆಂದು ಆ ವರ್ಷದ ಹೂಡಿಕೆಗೆ ಸೇರುತ್ತದೆ. ಮುಂದಿನ ವರ್ಷ ಮಾರಾಟವಾದಾಗ ಬೆಲ್ಲದ ಪೂರ್ತಿ ಬೆಲೆ ಮತ್ತೆ ಸೇರದು, ವ್ಯಾಪಾರಿ ಆಗ ಸೇರಿಸಿದ ಅಂತರ ಮಾತ್ರ ಸೇರುತ್ತದೆ. ಈ ನಾಲ್ಕು ಬದಲಾವಣೆಗಳನ್ನು ಕೈಯಾರೆ ಬರೆದು ನೋಡಿದ ವಿದ್ಯಾರ್ಥಿಗೆ ಪರೀಕ್ಷೆಯಲ್ಲಿ ದ್ವಿಗಣನೆಯ (ಒಂದೇ ಮೌಲ್ಯವನ್ನು ಮತ್ತೆ ಮತ್ತೆ ಎಣಿಸುವ ತಪ್ಪಿನ) ಪ್ರಶ್ನೆ ಯಾವ ರೂಪದಲ್ಲಿ ಬಂದರೂ ಕಷ್ಟವಾಗದು.

ಜಿಡಿಪಿ ಲೆಕ್ಕ ಹಾಕುವ ವೆಚ್ಚ ವಿಧಾನದಲ್ಲಿ ಅನುಭೋಗ, ಹೂಡಿಕೆ, ಸರ್ಕಾರಿ ವೆಚ್ಚ ಮತ್ತು ರಫ್ತನ್ನು ಕೂಡಿ ಆಮದನ್ನು ಕಳೆಯುತ್ತೇವೆ. ಇಲ್ಲಿ ಮೂರು ಕಡೆ ಎಚ್ಚರ ಬೇಕು. 2023ರ ಆಗಸ್ಟ್‌ನಲ್ಲಿ ಮೈಸೂರಿನಲ್ಲೇ ಚಾಲನೆ ಪಡೆದ ಗೃಹಲಕ್ಷ್ಮಿ ಯೋಜನೆಯ ತಿಂಗಳಿಗೆ ₹2,000 ವರ್ಗಾವಣೆ ಪಾವತಿ. ಅದಕ್ಕೆ ಪ್ರತಿಯಾಗಿ ಆ ಹೊತ್ತಿನಲ್ಲಿ ಯಾವ ಸರಕೂ ಸೇವೆಯೂ ಉತ್ಪಾದನೆಯಾಗದ ಕಾರಣ ಅದು ಜಿಡಿಪಿಯ ಸರ್ಕಾರಿ ವೆಚ್ಚದಲ್ಲಿ ಬರುವುದಿಲ್ಲ. ಆ ಹಣದಿಂದ ಗೃಹಿಣಿ ಅಕ್ಕಿ, ಎಣ್ಣೆ ಕೊಂಡಾಗ ಅನುಭೋಗದಲ್ಲಿ ಬರುತ್ತದೆ. ಸರ್ಕಾರಿ ಶಾಲೆಯ ಶಿಕ್ಷಕರ ಸಂಬಳ ಹಾಗಲ್ಲ; ಅದು ಸೇವೆಗೆ ಕೊಟ್ಟ ಬೆಲೆ, ನೇರವಾಗಿ ಸರ್ಕಾರಿ ವೆಚ್ಚ. ಎರಡನೆಯದಾಗಿ, ದಸರೆಗೆ ಬಂದ ವಿದೇಶಿ ಪ್ರವಾಸಿ ಮೈಸೂರಿನ ಹೋಟೆಲ್ಲಿನಲ್ಲಿ ತಂಗಿ ಕೊಟ್ಟ ಹಣ, ಯಾವ ಹಡಗೂ ಬಂದರು ಬಿಡದೆಯೇ, ರಫ್ತಿನ ಲೆಕ್ಕಕ್ಕೆ ಹೋಗುತ್ತದೆ. ಮೂರನೆಯದು ಆಮದು. ಆಮದು ಹೆಚ್ಚಿದರೆ ಜಿಡಿಪಿ ಅಷ್ಟು ಕುಗ್ಗುತ್ತದೆ ಎಂದು ಸೂತ್ರವನ್ನಷ್ಟೇ ನೋಡಿದವರು ಬರೆಯುತ್ತಾರೆ. ₹17,000ಕ್ಕೆ ಆಮದಾದ ಮೊಬೈಲ್ ಇಲ್ಲಿ ₹20,000ಕ್ಕೆ ಮಾರಾಟವಾಯಿತೆಂದುಕೊಳ್ಳಿ, ತೆರಿಗೆಯನ್ನು ಸದ್ಯಕ್ಕೆ ಬಿಡಿ. ಅನುಭೋಗದಲ್ಲಿ 20,000 ಸೇರಿತು, ಆಮದೆಂದು 17,000 ಕಳೆಯಿತು, ಉಳಿದದ್ದು ಸಾಗಣೆದಾರ ಮತ್ತು ಅಂಗಡಿಯವರ 3,000. ಅನುಭೋಗದೊಳಗೆ ಆಗಲೇ ಸೇರಿಹೋಗಿರುವ ಹೊರದೇಶದ ಉತ್ಪಾದನೆಯನ್ನು ತೆಗೆಯುವುದಕ್ಕಾಗಿ ಕಳೆಯುತ್ತೇವೆ, ಅಷ್ಟೇ.

ಬೆಳವಣಿಗೆ ದರವನ್ನು ಓದುವಾಗ ದರಕ್ಕಿಂತ ಮೊದಲು ಮೊತ್ತವನ್ನು ನೋಡಬೇಕು. 2021ರ ಆಗಸ್ಟ್ 31ರಂದು ಪ್ರಕಟವಾದ ಅಂಕಿಗಳ ಪ್ರಕಾರ ಸ್ಥಿರ ಬೆಲೆಗಳಲ್ಲಿ (ಆಧಾರವಾಗಿ ಹಿಡಿದ ಒಂದು ವರ್ಷದ ಬೆಲೆಗಳಲ್ಲಿ ಅಳೆದಾಗ) ಏಪ್ರಿಲ್-ಜೂನ್ ತ್ರೈಮಾಸಿಕದ ಜಿಡಿಪಿ 2019ರಲ್ಲಿ ₹35.66 ಲಕ್ಷ ಕೋಟಿ, 2020ರಲ್ಲಿ ₹26.95 ಲಕ್ಷ ಕೋಟಿ, 2021ರಲ್ಲಿ ₹32.38 ಲಕ್ಷ ಕೋಟಿ. ಮೊದಲು ಶೇ 24.4ರ ಕುಸಿತ, ನಂತರ ಶೇ 20.1ರ ಏರಿಕೆ. ಹೋದದ್ದು ಬಹುಪಾಲು ಮರಳಿತು, ಶೇ 4ರಷ್ಟು ಮಾತ್ರ ಬಾಕಿ ಎಂದು ದರಗಳನ್ನು ಕಳೆದು ಹೇಳುವಂತಿಲ್ಲ. 100 ಇದ್ದದ್ದು 75.6ಕ್ಕೆ ಇಳಿದು, ಆ 75.6ರ ಮೇಲೆ ಶೇ 20.1 ಏರಿದರೆ 90.8 ಆಗುತ್ತದೆ, ಎರಡು ವರ್ಷಗಳ ಹಿಂದಿನ ಮಟ್ಟಕ್ಕಿಂತ ಇನ್ನೂ ಶೇ 9ರಷ್ಟು ಕೆಳಗೆ. ಆಧಾರ ಪರಿಣಾಮವೆಂದು ಕರೆಯುವುದು ಇದನ್ನೇ. ಈ ಒಂದು ಲೆಕ್ಕವನ್ನು ಚೆನ್ನಾಗಿ ಅರಗಿಸಿಕೊಂಡರೆ ವ್ಯಾಪಾರ ಸಂಸ್ಥೆಗಳ ತ್ರೈಮಾಸಿಕ ವರದಿಗಳನ್ನು ಓದುವ ಕಣ್ಣೂ ಬದಲಾಗುತ್ತದೆ.

ಹಣದುಬ್ಬರಕ್ಕೂ ಇದೇ ವಿವೇಚನೆ ಬೇಕು. ಬೆಲೆ ಸೂಚ್ಯಂಕ 100ರಿಂದ 107ಕ್ಕೆ, ಮರುವರ್ಷ 110ಕ್ಕೆ ಹೋದರೆ ಹಣದುಬ್ಬರ ಶೇ 7ರಿಂದ ಸುಮಾರು ಶೇ 2.8ಕ್ಕೆ ಇಳಿದಿದೆ, ಬೆಲೆಗಳು ಇಳಿದಿಲ್ಲ. ಬಳಿಕ ತೂಕಗಳನ್ನು, ಅಂದರೆ ಸೂಚ್ಯಂಕದಲ್ಲಿ ಒಂದೊಂದು ಬಗೆಯ ವಸ್ತುವಿಗಿರುವ ಪಾಲನ್ನು ಗಮನಿಸಬೇಕು. 2012 ಆಧಾರ ವರ್ಷದ ಗ್ರಾಹಕ ಬೆಲೆ ಸೂಚ್ಯಂಕದಲ್ಲಿ ಆಹಾರ ಮತ್ತು ಪಾನೀಯಗಳ ತೂಕ ಶೇ 45.86. ಆಧಾರ ವರ್ಷದಿಂದ ಲೆಕ್ಕ ಹಿಡಿದು, ಉಳಿದದ್ದೆಲ್ಲ ಸ್ಥಿರವಾಗಿದ್ದು ಆಹಾರವೊಂದೇ ಶೇ 10 ತುಟ್ಟಿಯಾದರೂ ಇಡೀ ಸೂಚ್ಯಂಕ ಸುಮಾರು ಶೇ 4.6 ಏರುತ್ತದೆ. 2023ರ ಜುಲೈನಲ್ಲಿ ಟೊಮೆಟೊ ಮತ್ತಿತರ ತರಕಾರಿಗಳ ಬೆಲೆ ಜಿಗಿದು ಚಿಲ್ಲರೆ ಹಣದುಬ್ಬರ ಶೇ 7.44 ಮುಟ್ಟಿದ್ದನ್ನು, ಸೆಪ್ಟೆಂಬರ್ ವೇಳೆಗೆ ಅದು ಶೇ 5ರ ಆಸುಪಾಸಿಗೆ ಇಳಿದದ್ದನ್ನು ಈ ತೂಕದ ಬೆಳಕಿನಲ್ಲಿ ಓದಬೇಕು.

ಅದೇ ಅವಧಿಯಲ್ಲಿ ರಿಸರ್ವ್ ಬ್ಯಾಂಕಿನ ಹಣಕಾಸು ನೀತಿ ಸಮಿತಿ ರೆಪೊ ದರವನ್ನು (ರಿಸರ್ವ್ ಬ್ಯಾಂಕು ಬ್ಯಾಂಕುಗಳಿಗೆ ಅಲ್ಪಾವಧಿ ಸಾಲ ಕೊಡುವ ಬಡ್ಡಿದರವನ್ನು) ಶೇ 6.50ರಲ್ಲೇ ಉಳಿಸಿತು. 2016ರಿಂದ ಕಾನೂನಿನ ಬಲವಿರುವ ಹಣದುಬ್ಬರದ ಗುರಿ ಶೇ 4, ಅತ್ತ ಇತ್ತ ಎರಡು ಶೇಕಡಾವಾರು ಅಂಶಗಳ ಸಡಿಲಿಕೆ. ಹಣದುಬ್ಬರ ಆ ಮೇಲ್ಮಿತಿಯನ್ನು ದಾಟಿದ್ದರೂ ದರ ಏಕೆ ಏರಲಿಲ್ಲ? ರೆಪೊ ದರ ಬೇಡಿಕೆಯನ್ನು ತಗ್ಗಿಸಬಲ್ಲದು. ಬಂಡಿಪಾಳ್ಯದ ಎಪಿಎಂಸಿಗೆ ಬರುವ ತರಕಾರಿ ಲಾರಿಗಳ ಸಂಖ್ಯೆಯನ್ನು ಹೆಚ್ಚಿಸಲಾರದು. ಹೊಸ ಬೆಳೆ ಬಂದಾಗ ಇಳಿಯುವ ಬೆಲೆ ಅದು. ಪೂರೈಕೆಯ ಆಘಾತ, ಬೇಡಿಕೆಯ ಒತ್ತಡ ಎಂಬ ಎರಡನ್ನು ಪ್ರತ್ಯೇಕಿಸಿ ಬರೆಯದ ಉತ್ತರ ಅಪೂರ್ಣವೆಂದೇ ನನ್ನ ಅಭಿಪ್ರಾಯ. ಬೇಡಿಕೆಯ ದಾರಿ ಹೇಗೆ ಕೆಲಸ ಮಾಡುತ್ತದೆಂಬುದನ್ನೂ ಅಂಕಿಯಲ್ಲೇ ನೋಡಿ. 2019ರ ಅಕ್ಟೋಬರ್ 1ರಿಂದ ಬ್ಯಾಂಕುಗಳು ಕೊಡುವ ಚರ ಬಡ್ಡಿದರದ ಹೊಸ ಗೃಹಸಾಲಗಳು ರೆಪೊದಂತಹ ಹೊರಗಿನ ಮಾನದಂಡಕ್ಕೆ ಜೋಡಣೆಯಾಗಿವೆ. ₹10 ಲಕ್ಷದ 20 ವರ್ಷಗಳ ಸಾಲಕ್ಕೆ ಬಡ್ಡಿ ಶೇ 8 ಇದ್ದಾಗ ತಿಂಗಳ ಕಂತು ಸುಮಾರು ₹8,364, ಶೇ 8.5 ಆದಾಗ ₹8,678. ತಿಂಗಳಿಗೆ ₹314 ಬೇರೆ ಖರ್ಚಿನಿಂದ ಕಡಿತವಾಗುತ್ತದೆ. ಈ ಕಡಿತ ಲಕ್ಷಾಂತರ ಮನೆಗಳಲ್ಲಿ ಒಟ್ಟಿಗೆ ನಡೆದಾಗ ಅದು ಸಮಗ್ರ ಬೇಡಿಕೆಯ ಇಳಿಕೆ.

ಹಣದ ಪೂರೈಕೆಯ ಬಗ್ಗೆ ಮೈಸೂರಿನವರಿಗೆ ಒಂದು ಮಾತು. ರಿಸರ್ವ್ ಬ್ಯಾಂಕಿನ ಅಂಗಸಂಸ್ಥೆಯ ನೋಟು ಮುದ್ರಣಾಲಯ ನಮ್ಮ ಊರಿನಲ್ಲೇ ಇದೆ. ಹಾಗೆಂದು ಅಲ್ಲಿ ಅಚ್ಚಾದ ನೋಟುಗಳೆಲ್ಲ ದೇಶದ ಹಣವನ್ನು ಹೆಚ್ಚಿಸುತ್ತವೆ ಎಂದಲ್ಲ. ಹರಿದ, ಕೊಳೆಯಾದ ನೋಟಿನ ಜಾಗಕ್ಕೆ ಹೊಸದು ಬಂದರೆ ಚಲಾವಣೆಯ ಮೊತ್ತ ಹಾಗೆಯೇ ಇರುತ್ತದೆ. ಹಣದ ಪೂರೈಕೆಯ ದೊಡ್ಡ ಪಾಲು ಬ್ಯಾಂಕ್ ಠೇವಣಿ. ಬ್ಯಾಂಕು ಸಾಲ ಮಂಜೂರು ಮಾಡಿ ಗ್ರಾಹಕರ ಖಾತೆಗೆ ಜಮಾ ಮಾಡಿದಾಗ ಹೊಸ ಠೇವಣಿ ಹುಟ್ಟುತ್ತದೆ, ಅದಕ್ಕೆ ಅಚ್ಚುಯಂತ್ರ ಬೇಕಿಲ್ಲ.

ಇಷ್ಟನ್ನು ಮಾಡಿದ ಮೇಲೆ ಒಂದು ಪುಸ್ತಕವಿಟ್ಟುಕೊಂಡು, ಪ್ರತಿ ತಿಂಗಳು 12ನೇ ತಾರೀಖಿನ ಸುಮಾರಿಗೆ ಬರುವ ಚಿಲ್ಲರೆ ಹಣದುಬ್ಬರದ ಅಂಕಿ, ಫೆಬ್ರುವರಿ, ಮೇ, ಆಗಸ್ಟ್, ನವೆಂಬರ್ ಕೊನೆಯಲ್ಲಿ ಬರುವ ಜಿಡಿಪಿ ಅಂದಾಜು, ಹಣಕಾಸು ನೀತಿ ಸಮಿತಿಯ ನಿರ್ಧಾರ ಇವನ್ನು ಬರೆಯುತ್ತಾ ಹೋಗಿ. ಅಂಕಿಯ ಪಕ್ಕದಲ್ಲಿ ಅದು ನಾಮಮಾತ್ರದ್ದೋ (ಆಯಾ ವರ್ಷದ ಬೆಲೆಗಳಲ್ಲಿ ಅಳೆದದ್ದೋ) ನೈಜದ್ದೋ (ಸ್ಥಿರ ಬೆಲೆಗಳಲ್ಲಿ ಅಳೆದದ್ದೋ), ಆಧಾರ ವರ್ಷ ಯಾವುದು, ಯಾವ ಅವಧಿಗೆ ಹೋಲಿಸಲಾಗಿದೆ ಎಂಬುದಿರಲಿ. ರೆಪೊ ದರ 6.50ರಿಂದ 6.25ಕ್ಕೆ ಬಂದರೆ ಶೇ 0.25 ಇಳಿಯಿತು ಎನ್ನದೆ, 0.25 ಶೇಕಡಾವಾರು ಅಂಶ ಇಳಿಯಿತು ಎಂದು ಬರೆಯಿರಿ. ಪ್ರಕಟವಾದ ದಿನಾಂಕವನ್ನೂ ತಪ್ಪದೆ ನಮೂದಿಸಿ: 2020-21ರ ಜಿಡಿಪಿ ಕುಸಿತವನ್ನು 2021ರ ಮೇ ತಿಂಗಳಲ್ಲಿ ಶೇ 7.3 ಎಂದು ಅಂದಾಜಿಸಲಾಗಿತ್ತು, 2022ರ ಜನವರಿಯಲ್ಲಿ ಅದು ಶೇ 6.6 ಆಯಿತು, 2023ರ ಫೆಬ್ರುವರಿಯಲ್ಲಿ ಶೇ 5.8. ಹೊಸ ಅಂದಾಜು ಬಂದಾಗ ಹಳೆಯ ಅಂಕಿಯನ್ನು ಅಳಿಸದೆ, ಅದರ ಕೆಳಗೇ ಬರೆಯುವಷ್ಟು ಜಾಗ ಬಿಟ್ಟಿರಿ.